ಆಟವಾಡುವ ಹುಡುಗರಿಗೂ ಕುಡಿತ, ಗುಟ್ಕಾದ ಚಟ ಹೇಗೆ ಅಂಟುತ್ತದೆ?

ಪ್ರಶ್ನೆ (ಕುಮಟಾ)

ನನ್ನ ತಮ್ಮನಿಗೆ 21 ವರ್ಷ. ಸಂಜೆಯಾದರೆ ಮಣಕಿ ಮೈದಾನದಲ್ಲಿ ವಾಲಿಬಾಲ್ ಆಡುತ್ತಾನೆ, ಬೆಳಿಗ್ಗೆ ಜಿಮ್ಮಿಗೂ ಹೋಗುತ್ತಾನೆ. ಮೈ ದಂಡಿಸುವ ಹುಡುಗ ಚಟಕ್ಕೆ ಬೀಳುವುದಿಲ್ಲವೆಂದು ಮನೆಯವರೆಲ್ಲ ನಂಬಿದ್ದೆವು. ಆದರೆ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋಗತೊಡಗಿದ ಮೇಲೆ, ಆಟ ಮುಗಿದ ರಾತ್ರಿ ತಂಡದವರೊಂದಿಗೆ ಕುಡಿದು ಬರುವುದು ರೂಢಿಯಾಗಿದೆ. ಗುಟ್ಕಾ ಜಗಿಯುವುದೂ ಶುರುವಾಗಿದೆ. ಸಿಗರೇಟನ್ನು ಮಾತ್ರ, ದಮ್ಮು ಹೋಗುತ್ತದೆಂದು ಮುಟ್ಟುವುದಿಲ್ಲ. ಆಟವನ್ನೇ ಬಿಡಿಸಬೇಕೆಂದು ಅಪ್ಪ ಪಟ್ಟು ಹಿಡಿದಿದ್ದಾರೆ. ಬಲ್ಲವರು ದಾರಿ ತೋರಿಸಬೇಕು.

ಉತ್ತರ (ಶಿರಸಿ, ದೈಹಿಕ ಶಿಕ್ಷಣ ಶಿಕ್ಷಕ)

ದಯವಿಟ್ಟು ಆಟ ಬಿಡಿಸಬೇಡಿ. ಹದಿಹರೆಯದವರ ಮತ್ತು ಯುವಕರ ಕ್ರೀಡಾಭ್ಯಾಸದ ಕುರಿತು ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಆಟಗಾರರಲ್ಲಿ ಧೂಮಪಾನ ಸಾಮಾನ್ಯವಾಗಿ ಕಡಿಮೆಯಿರುತ್ತದೆ, ಮದ್ಯಪಾನ ಮಾತ್ರ ಹೆಚ್ಚಾಗಿಯೇ ಕಾಣುತ್ತದೆ. ಹೊಗೆಯ ಹಾನಿ ಅಂಗಳದಲ್ಲೇ ಅನುಭವಕ್ಕೆ ಬರುವುದರಿಂದ ಹುಡುಗರು ತಾವಾಗಿ ದೂರ ಉಳಿಯುತ್ತಾರೆ. ಮದ್ಯವಾದರೋ ಗೆದ್ದರೆ ಸಂಭ್ರಮವೆಂದೂ ಸೋತರೆ ಸಮಾಧಾನವೆಂದೂ ತಂಡದ ಜೊತೆಯಲ್ಲೇ ಬರುತ್ತದೆ. ಆದ್ದರಿಂದ ಆಟ ಮುಗಿದ ನಂತರದ ಒಂದೆರಡು ತಾಸುಗಳ ಮೇಲೆ ಕಣ್ಣಿಡಿ. ಬಹುಮಾನದ ಹಣ ಪಾರ್ಟಿಗೆ ಹೋಗದೆ ಎಲ್ಲರ ಊಟಕ್ಕೋ ಹೊಸ ನೆಟ್ಟಿಗೋ ಹೋಗಲಿ ಎಂದು ತಂಡದ ನಾಯಕ ಹೇಳಿದರೆ ಕಿರಿಯರು ಕೇಳುವಷ್ಟು, ಮನೆಯವರು ಹೇಳಿದರೆ ಕೇಳುವುದಿಲ್ಲ. ಕುಡಿದವರ ಬೈಕಿನಲ್ಲಿ ನಡುರಾತ್ರಿ ಹೆದ್ದಾರಿ 66ರಲ್ಲಿ ಮರಳುವ ಅಪಾಯವನ್ನಂತೂ ಆ ನಾಯಕನಿಗೆ ಮೊದಲು ಹೇಳಿ.

ಉತ್ತರ (ಕಾರವಾರ, ಆಪ್ತಸಮಾಲೋಚಕಿ)

ಮೇಲಿನ ಮಾತು ನಿಜ. ಗುಟ್ಕಾದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಅದರ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುವುದರಿಂದ ದಮ್ಮು ಹೋಗುವ ಎಚ್ಚರಿಕೆ ಸಿಗುವುದಿಲ್ಲ, ಚಟ ಮಾತ್ರ ಸಿಗರೇಟಿನಷ್ಟೇ ಬಲವಾಗಿ ಹಿಡಿಯುತ್ತದೆ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಹೇಳುವುದು ಕಷ್ಟ; ಆದರೂ ತಂಬಾಕಿಲ್ಲದ ಕವಳವೂ (ಎಲೆ ಅಡಿಕೆ) ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ, ಮತ್ತು ಸದಾ ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಎಳೆಯ ವಯಸ್ಸಿನಲ್ಲೂ ಬರುತ್ತದೆ.

ತಂಬಾಕಿನ ತುಡಿತ ಎದ್ದಾಗ ಅದರ ತೀವ್ರತೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ಚುರುಕಾಗಿ ನಡೆದರೂ ಸಿಗರೇಟಿನ ಆಸೆ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಗುಟ್ಕಾ ಬಿಡುವವರಿಗೂ ಇದನ್ನೇ ಹೇಳುತ್ತೇನೆ. ಆದರೆ ಕೇವಲ ವ್ಯಾಯಾಮದಿಂದ ತಂಬಾಕು ಶಾಶ್ವತವಾಗಿ ಬಿಟ್ಟುಹೋಗುತ್ತದೆಂದು ಸಿದ್ಧವಾಗಿಲ್ಲ. ಸಲಹೆಯೂ, ಅಗತ್ಯವಿದ್ದರೆ ಔಷಧಿಯೂ ಜೊತೆಗಿರಬೇಕು.

ಪ್ರಶ್ನೆ ಕೇಳಿದವರು

ಉಪಕಾರವಾಯಿತು. ಹಾಗಾದರೆ ನಾಳೆಯಿಂದಲೇ ಕುಡಿತ ಪೂರ್ತಿ ಬಿಟ್ಟು ಓಡುವುದನ್ನು ಹೆಚ್ಚಿಸು ಎಂದು ಅವನಿಗೆ ಹೇಳಬಹುದೇ?

ಉತ್ತರ (ಕಾರವಾರ, ಆಪ್ತಸಮಾಲೋಚಕಿ)

ಪಂದ್ಯದ ರಾತ್ರಿಗಳಲ್ಲಿ ಮಾತ್ರ ಸ್ವಲ್ಪ ಕುಡಿಯುತ್ತಿದ್ದರೆ ಹೇಳಬಹುದು. ದಿನವೂ ಕುಡಿಯುತ್ತಿದ್ದು, ಕುಡಿಯದ ಬೆಳಿಗ್ಗೆ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು ಕಂಡಿದ್ದರೆ ಒಮ್ಮೆಲೇ ನಿಲ್ಲಿಸಲು ಹೇಳಬೇಡಿ. ಅಂಥವರಿಗೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರುವ ಅಪಾಯವಿದೆ. ಮೊದಲು ವೈದ್ಯರಿಗೆ ತೋರಿಸಿ. ಅವನು ಆಸ್ಪತ್ರೆಗೆ ಬರಲು ಹಿಂಜರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಮೊದಲ ಕರೆಯನ್ನು ನೀವೇ ಮಾಡಿದರೂ ನಡೆಯುತ್ತದೆ.