ಪೊಲೀಸರಿಗೆ ಪ್ರಥಮ ಚಿಕಿತ್ಸೆ ತರಬೇತಿ: ಎರಡು ಗಂಟೆಯಲ್ಲಿ ಏನು ಕಲಿಸಲಿ?

ಮಲೆನಾಡ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ಸ್ಟಾಫ್ ನರ್ಸ್ ನಾನು. ಬರೋ ವಾರ ನಮ್ಮ ಪೊಲೀಸ್ ಸರ್ಕಲ್‌ನ ಪಿಸಿ (ಕಾನ್‌ಸ್ಟೆಬಲ್), ಎಚ್‌ಸಿ (ಹೆಡ್ ಕಾನ್‌ಸ್ಟೆಬಲ್)ಗಳಿಗೆ ಅಪಘಾತದ ಪ್ರಥಮ ಚಿಕಿತ್ಸೆ ಹೇಳಿಕೊಡಿ ಅಂತ ಡಾಕ್ಟ್ರು ನನ್ನನ್ನೇ ಮುಂದೆ ಮಾಡಿದ್ದಾರೆ. ಹೆಸರಿಗೆ ಅರ್ಧ ದಿನ. ಸ್ವಾಗತ, ಭಾಷಣ, ಟೀ, ಫೋಟೋ ಎಲ್ಲ ಕಳೆದರೆ ಕೈಗೆ ಸಿಗೋದು ಎರಡು ಗಂಟೆ.

ಹಳೇ ಪಿಪಿಟಿ ಒಂದಿದೆ. ಹಾವು ಕಡಿತ, ಸುಟ್ಟಗಾಯ, ಮೂರ್ಛೆ ಎಲ್ಲಾ ಅದರೊಳಗೇ ತುರುಕಿದ್ದಾರೆ. ನಮಗೆ ಬೇಕಾಗಿದ್ದು ಅದಲ್ಲ. ಆಗುಂಬೆ ಕಡೆ ಬಿದ್ದವರ ಹತ್ತಿರ ಎಷ್ಟೋ ಸಲ ಆಂಬುಲೆನ್ಸ್‌ಗಿಂತ ಮೊದಲು ಪೊಲೀಸ್ ಜೀಪೇ ಹೋಗಿರುತ್ತೆ. ಗಾಯಕ್ಕೆ ಕಾಫಿಪುಡಿ ಮೆತ್ತಿಕೊಂಡು, ಜೀಪಿನ ಹಿಂದಿನ ಸೀಟಲ್ಲಿ ಕುತ್ತಿಗೆ ವಾಲಿಸಿಕೊಂಡು ಬರೋರನ್ನು ನೋಡಿ ಸಾಕಾಗಿದೆ. ಏನು ಇಟ್ಟುಕೊಳ್ಳಲಿ, ಏನು ಬಿಡಲಿ?

ನಿವೃತ್ತ ಎಚ್‌ಸಿ:
ಸಿಸ್ಟರ್, ಪಿಪಿಟಿ ಬಿಟ್ಟಾಕಿ. ರಾತ್ರಿ ಡ್ಯೂಟಿ ಮುಗಿಸಿ ಬಂದವರು ಲೈಟ್ ಆರಿಸಿದ ತಕ್ಷಣ ನಿದ್ದೆ ಹೋಗ್ತಾರೆ. ಎಲ್ಲರನ್ನೂ ಸ್ಟೇಷನ್ ಅಂಗಳಕ್ಕೆ ಕರೀರಿ. ಯಾರದ್ದಾದ್ರೂ ಬೈಕು ಅಡ್ಡ ಮಲಗಿಸಿ (ಜಪ್ತಿ ಬೈಕು ಮುಟ್ಟಬೇಡಿ, ಸ್ಟೇಷನ್ ದಾಖಲೆ ಬರೆಯೋ ರೈಟರ್ ಕೂಗಾಡ್ತಾನೆ), ಹೊಸ ಹುಡುಗನೊಬ್ಬನಿಗೆ ಹೆಲ್ಮೆಟ್ ಹಾಕಿ ಪಕ್ಕದಲ್ಲಿ ಮಲಗಿಸಿ. ಉಳಿದವರಿಗೆ "ಈಗೇನು ಮಾಡ್ತೀರಿ?" ಅನ್ನಿ. ನಾಲ್ಕು ಜನ ಓಡಿ ಬಂದು ಕೈಕಾಲು ಹಿಡಿದು ಎತ್ತುತ್ತಾರೆ, ನೋಡಿ ಬೇಕಾದ್ರೆ. ಪಾಠ ಅಲ್ಲಿಂದ ಶುರು ಮಾಡಿ.

ಇನ್ನೊಂದು ವಿಷಯ ಡಾಕ್ಟ್ರುಗಳಿಗೆ ಹೊಳೆಯಲ್ಲ. ಪೊಲೀಸರು ಬಂದ್ರೆ ಜನ ಮಾತು ಕೇಳ್ತಾರೆ. ಆ ಅನುಕೂಲ ಬೇರೆ ಯಾರಿಗೂ ಇಲ್ಲ. ಘಾಟಿಯಲ್ಲಿ ಮೊದಲು ಮೇಲಿನ ತಿರುವಿಗೊಬ್ಬ, ಕೆಳಗಿನ ತಿರುವಿಗೊಬ್ಬನನ್ನು ಟಾರ್ಚು ಕೊಟ್ಟು ನಿಲ್ಲಿಸಬೇಕು. ಮಂಜು ಕವಿದಾಗ ಬಸ್ಸಿನವನಿಗೆ ಹತ್ತು ಮಾರು ಮುಂದೆ ಕಾಣಲ್ಲ, ಬಿದ್ದವನ ಮೇಲೇ ಬರ್ತಾನೆ. ಆಮೇಲೆ ವಿಡಿಯೋ ಮಾಡ್ತಾ ನಿಂತವನನ್ನು ಬೆರಳು ತೋರಿಸಿ ಕರೀಬೇಕು: "ಏಯ್ ನೀಲಿ ಅಂಗಿ, ಬಾ ಇಲ್ಲಿ. ಈ ಬಟ್ಟೆ ಒತ್ತಿ ಹಿಡಿ, ನಾನು ಹೇಳೋ ತನಕ ಬಿಡಬೇಡ." ಸುಮ್ನೆ "ಯಾರಾದ್ರೂ ಬನ್ರೋ" ಅಂದ್ರೆ ಒಬ್ಬನೂ ಕದಲಲ್ಲ. ನಮ್ಮವರಿಗೆ ಈ ಕೂಗು ಹೇಳಿಕೊಡೋದೇ ಬೇಡ, ಯಾತಕ್ಕೆ ಬಳಸಬೇಕು ಅಂತ ಹೇಳಿದ್ರೆ ಸಾಕು.

ಬಂದವನ ಹೆಸರು, ನಂಬರ್ ಕೇಳೋ ಚಾಳಿ ಮಾತ್ರ ಬಿಡಿಸಿ. ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಬಂತು. ನೆರವಿಗೆ ಬಂದವನು ಹೆಸರು ಕೊಡಲೇಬೇಕು, ಸಾಕ್ಷಿ ಆಗಲೇಬೇಕು ಅಂತಿಲ್ಲ. ನಮ್ಮಲ್ಲೇ ಎಷ್ಟು ಜನಕ್ಕೆ ಇದು ಗೊತ್ತು ಅಂತ ಕೇಳಿ ನೋಡಿ.

108 ಇಎಂಟಿ:
108 ಆಂಬುಲೆನ್ಸ್‌ನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಸಿಬ್ಬಂದಿ) ನಾನು. ಎಚ್‌ಸಿ ಸಾರ್ ಹೇಳಿದ್ದು ಸರಿ. ನನ್ನ ಕಡೆಯಿಂದ ಮೇಡಂ, ಒಂದು ಗಂಟೆ ಬರೀ ರಕ್ತ ನಿಲ್ಲಿಸೋದಕ್ಕೇ ಇಡಿ. ಒತ್ತಿ ಹಿಡಿಯೋದು ಎಲ್ಲರಿಗೂ ಗೊತ್ತು ಅಂದ್ಕೋತೀವಿ, ಆದ್ರೆ ಅರ್ಧ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನಿಂತಿತಾ ಅಂತ ನೋಡ್ತಾರೆ. ಎತ್ತಬಾರದು. ನೆನೆದ್ರೆ ಅದರ ಮೇಲೇ ಇನ್ನೊಂದು ಬಟ್ಟೆ ಇಟ್ಟು ಒತ್ತಬೇಕು.

ಎಷ್ಟು ಒತ್ತಿದ್ರೂ ಕೈಯಿಂದಲೋ ಕಾಲಿಂದಲೋ ಚಿಮ್ತಾನೇ ಇದ್ರೆ ಮಾತ್ರ ಕಟ್ಟು. ಇಲ್ಲಿ ಪೊಲೀಸರು ತಕ್ಷಣ ಭುಜದ ಹಗ್ಗ ಬಿಚ್ಚುತ್ತಾರೆ. ಆ ಸಣ್ಣ ಹಗ್ಗ ಮಾಂಸ ಕೊರೆಯುತ್ತೆ, ರಕ್ತ ಮಾತ್ರ ಸರಿಯಾಗಿ ನಿಲ್ಲಲ್ಲ. ಮೂರು ಬೆರಳಗಲದ ಬಟ್ಟೆ ತಗೊಂಡು ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಸುತ್ತಿ, ಕೀಲಿನ ಮೇಲೆ ಬರದ ಹಾಗೆ. ಗಂಟಿಗೆ ಗಟ್ಟಿ ಕಡ್ಡಿ ಸಿಕ್ಕಿಸಿ ರಕ್ತ ನಿಲ್ಲೋವರೆಗೂ ತಿರುವಿ. ತುಂಬಾ ನೋಯುತ್ತೆ, ಕಿರುಚ್ತಾರೆ, ಸಡಿಲ ಬಿಡಬಾರದು. ಕಟ್ಟಿದ ಟೈಮನ್ನು ಹಣೆ ಮೇಲೆ ಪೆನ್ನಲ್ಲಿ ಬರೆದ್ರೆ ಆಸ್ಪತ್ರೆಯವರಿಗೆ ಅನುಕೂಲ.

ಹೆಲ್ಮೆಟ್: ಉಸಿರಾಟ ಸರಿ ಇದ್ರೆ ಮುಂದಿನ ಗಾಜು ಎತ್ತಿಟ್ಟು ಹಾಗೇ ಬಿಡಿ. ಉಸಿರು ಕಟ್ತಿದ್ರೆ ಇಬ್ಬರು ಸೇರಿ ತೆಗೀಬೇಕು, ಒಬ್ಬರು ಕೆಳಗಿಂದ ಕುತ್ತಿಗೆ, ದವಡೆ ಅಲುಗದ ಹಾಗೆ ಹಿಡೀಬೇಕು. ನೀರು ಕುಡಿಸೋದು ಬೇಡವೇ ಬೇಡ. ಮಳೆಯಲ್ಲಿ ಟಾರ್ಪಾಲೋ ಕಂಬಳಿಯೋ ಹೊದಿಸಿ. ಮೈ ತಣ್ಣಗಾದ್ರೆ ರಕ್ತ ಹೆಪ್ಪುಗಟ್ಟೋದೂ ಕಷ್ಟ. ಎದೆ ಒತ್ತೋದು (ಸಿಪಿಆರ್, ನಿಮಿಷಕ್ಕೆ 100ರಿಂದ 120 ಸಲ, ಆಳ 5 ಸೆಂ.ಮೀ.) ಹತ್ತು ನಿಮಿಷ ತೋರಿಸಿ ಸಾಕು.

ಅಡಿಕೆ ತೋಟ:
ನಮ್ಮ ಕಡೆ ನೆಟ್‌ವರ್ಕೇ ಇಲ್ವಲ್ಲ ಮಾರಾಯ್ರೆ. 108ಕ್ಕೆ ಫೋನ್ ಮಾಡೋಕೆ ಗುಡ್ಡ ಹತ್ಬೇಕು. ಅಷ್ಟು ಹೊತ್ತು ಕಾಯೋದಾ, ಜೀಪಲ್ಲಿ ಹಾಕ್ಕೊಂಡು ಹೋಗೋದಾ?

108 ಇಎಂಟಿ:
ಪೊಲೀಸರ ಹತ್ರ ವೈರ್‌ಲೆಸ್ ಇದ್ಯಲ್ಲ ಸಾರ್, ಸ್ಟೇಷನ್‌ನವರು ನಮಗೆ ಫೋನ್ ಮಾಡ್ಲಿ. ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದ್ರೆ ಹುಡುಕೋದು ತಪ್ಪುತ್ತೆ. ರಕ್ತ ಹತೋಟಿಗೆ ಬರ್ತಿಲ್ಲ, ನಾವು ಇನ್ನೂ ದೂರ ಇದ್ದೀವಿ ಅಂದ್ರೆ ಕಾಯಬೇಡಿ. ಹಲಗೆ, ಬಾಗಿಲು ಏನಾದ್ರೂ ಕೆಳಗೆ ಕೊಟ್ಟು, ತಲೆ ಹಿಡಿಯೋಕೆ ಒಬ್ಬರನ್ನು ಕೂರಿಸಿ ಹೊರಡಿ. ನಾವು ಎದುರಿಗೆ ಬಂದು ದಾರಿಯಲ್ಲೇ ಬದಲಾಯಿಸ್ಕೋತೀವಿ.

ಮಲೆನಾಡ ಸಿಸ್ಟರ್:
ತುಂಬಾ ಉಪಕಾರ ಆಯ್ತು. ಹಾವು, ಮೂರ್ಛೆ ಎರಡೂ ಔಟ್. ಹೆಲ್ಮೆಟ್, ಹಳೇ ಸೀರೆ ನಾನೇ ತರ್ತೀನಿ. ಎಚ್‌ಸಿ ಸಾರ್, ಆ ಕೂಗು ನನ್ನ ಕೈಲಿ ಆಗಲ್ಲ, ನೀವೇ ಬರ್ಬೇಕು.

ನಿವೃತ್ತ ಎಚ್‌ಸಿ:
ಬರ್ತೀನಿ. ಆದ್ರೆ ಹನ್ನೊಂದರ ಮೇಲೆ ಇಡಿ, ಅಡಿಕೆ ಕೊನೆಕೊಯ್ಲಿಗೆ ಜನ ಬಂದಿದ್ದಾರೆ.