ನರಿತಾದಲ್ಲಿ ಹತ್ತು ಗಂಟೆ: ಅಮ್ಮನ ಜೊತೆ ಹೊರಗೆ ಹೋಗಬಹುದಾ, ಒಳಗೇ ಇರಬೇಕಾ?

ಕುಕ್ಕರಹಳ್ಳಿ:

ಎಲ್ಲರಿಗೂ ನಮಸ್ಕಾರ. ಇನ್ನೆರಡು ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಸಿಯಾಟಲ್‌ಗೆ ಹೊರಟಿದ್ದೇನೆ, ತಂಗಿಯ ಬಾಣಂತನಕ್ಕೆ. ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್, ಜಪಾನಿನ ನರಿತಾ ಏರ್‌ಪೋರ್ಟ್‌ನಲ್ಲಿ ವಿಮಾನ ಬದಲಿಸಬೇಕು. ಬೆಳಿಗ್ಗೆ ಎಂಟರ ಸುಮಾರಿಗೆ ಇಳಿಯುತ್ತೇವೆ, ಮುಂದಿನ ವಿಮಾನ ಸಂಜೆ ಆರರ ಹತ್ತಿರ. ಎರಡೂ ಒಂದೇ ಟಿಕೆಟ್‌ನಲ್ಲಿವೆ, ಸಾಮಾನು ನೇರ ಸಿಯಾಟಲ್‌ಗೆ ಹೋಗುತ್ತದೆ.

ಅಮ್ಮನಿಗೆ ಅರವತ್ತೇಳು. ಮಂಡಿನೋವು ಇದೆ, ಆದರೆ ನಿಧಾನವಾಗಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಮೊಟ್ಟೆ, ಮೀನು ಏನೂ ಮುಟ್ಟುವುದಿಲ್ಲ. ಇದೇ ಮೊದಲ ವಿದೇಶ ಪ್ರಯಾಣ. "ಅಷ್ಟು ದೂರ ಹೋಗಿ ಜಪಾನ್ ನೆಲಕ್ಕೆ ಕಾಲಿಡದೆ ಬರೋದಾ?" ಅಂತ ದಿನಾ ಕೇಳುತ್ತಾರೆ. ನನಗೂ ಹತ್ತು ಗಂಟೆ ಸುಮ್ನೆ ಕುರ್ಚಿಯಲ್ಲಿ ಕೂರಿಸಲು ಮನಸ್ಸಿಲ್ಲ. ಆದರೆ ಟೋಕಿಯೊ ದೂರ ಅಂತಾರೆ, ವಾಪಸ್ ಬರುವುದು ತಡವಾದರೆ ಅನ್ನೋ ಭಯ ಬೇರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಬಾಣಾವರ:

ಮೊದಲು ವೀಸಾ ವಿಷಯ ಮುಗಿಸಿಬಿಡೋಣ, ಯಾಕಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಏರ್‌ಪೋರ್ಟ್‌ನಿಂದ ಹೊರಗೆ ಕಾಲಿಡಲು ಜಪಾನ್ ವೀಸಾ ಬೇಕೇ ಬೇಕು. ಅಮೆರಿಕದ ವೀಸಾ ಇದೆ, ಗ್ರೀನ್ ಕಾರ್ಡ್ ಇದೆ ಅಂದರೂ ಅದೇ ಕಥೆ. ವೀಸಾ ಇಲ್ಲದೆ ಸ್ವಲ್ಪ ಹೊತ್ತು ಹೊರಗೆ ಬಿಡುವ ಶೋರ್ ಪಾಸ್ ಅಂತ ಒಂದು ವ್ಯವಸ್ಥೆ ಇದೆ, ವಿಮಾನ ಕಂಪನಿಯ ಮೂಲಕ ಕೇಳಬೇಕು, ಆದರೆ ಕೊಡುವುದು ಬಿಡುವುದು ಪೂರ್ತಿ ಇಮಿಗ್ರೇಷನ್ ಅಧಿಕಾರಿಗೆ ಬಿಟ್ಟದ್ದು. ಅದನ್ನು ನಂಬಿ ಅಮ್ಮನಿಗೆ ಆಸೆ ಹುಟ್ಟಿಸಬೇಡಿ.

2024ರ ಏಪ್ರಿಲ್‌ನಿಂದ ಭಾರತದಲ್ಲಿರುವವರಿಗೆ ಪ್ರವಾಸಿ ಇ-ವೀಸಾ ಬಂದಿದೆ. ಅರ್ಜಿಯನ್ನು ಮೊದಲಿನ ಹಾಗೆ ವೀಸಾ ಕೇಂದ್ರದಲ್ಲೇ ಕೊಡಬೇಕು, ಪಾಸ್‌ಪೋರ್ಟ್‌ಗೆ ಸ್ಟಿಕ್ಕರ್ ಮಾತ್ರ ಅಂಟಿಸುವುದಿಲ್ಲ. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಇಳಿದ ಮೇಲೆ ವೀಸಾ ಪುಟವನ್ನು ಮೊಬೈಲ್‌ನಲ್ಲಿ ಇಂಟರ್‌ನೆಟ್ ಮೂಲಕ ಅಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ಒಪ್ಪುವುದಿಲ್ಲ. ಏರ್‌ಪೋರ್ಟ್‌ನಲ್ಲಿ ಉಚಿತ ವೈಫೈ ಇದೆ, ಕ್ಯೂಗೆ ನಿಲ್ಲುವ ಮೊದಲೇ ಅಮ್ಮನದೂ ನಿಮ್ಮದೂ ತೆರೆದಿಟ್ಟುಕೊಳ್ಳಿ. ಮತ್ತೆ ಇದು ಒಂದೇ ಸಲದ ಪ್ರವೇಶಕ್ಕೆ. ಸಿಯಾಟಲ್‌ನಿಂದ ವಾಪಸ್ ಬರುವಾಗಲೂ ಹೊರಗೆ ಹೋಗೋಣ ಅಂದರೆ ಇದು ನಡೆಯುವುದಿಲ್ಲ.

ನಿಮ್ಮದು ಒಂದೇ ಟಿಕೆಟ್ ಆಗಿರುವುದು ಒಳ್ಳೆಯದಾಯಿತು. ಓದುವ ಬೇರೆಯವರಿಗೆ ಹೇಳುತ್ತೇನೆ, ಎರಡು ಬೇರೆ ಬೇರೆ ಟಿಕೆಟ್ ತೆಗೆದು ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾದರೆ ಅಥವಾ ನರಿತಾದಲ್ಲಿ ಇಳಿದು ಟೋಕಿಯೊದ ಇನ್ನೊಂದು ಏರ್‌ಪೋರ್ಟ್ ಆದ ಹನೆಡಾದಿಂದ ಹತ್ತಬೇಕಾದರೆ, ಊರು ನೋಡುವ ಯೋಚನೆ ಇಲ್ಲದಿದ್ದರೂ ವೀಸಾ ಬೇಕು. ನನ್ನ ಗೆಳೆಯರೊಬ್ಬರು ಇದು ಗೊತ್ತಿಲ್ಲದೆ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಿಂದಲೇ ಮನೆಗೆ ಹಿಂದಿರುಗಿದರು.

ತುಂಗಾತೀರ:

ಟೋಕಿಯೊ ಮರೆತುಬಿಡಿ. ನರಿತಾ ಅನ್ನೋದು ಬರೀ ಏರ್‌ಪೋರ್ಟ್ ಹೆಸರಲ್ಲ, ಅದೊಂದು ಹಳೆಯ ಊರು. ರೈಲಿನಲ್ಲಿ ಹತ್ತು ನಿಮಿಷ. ಅಲ್ಲಿ ಒಂದು ದೊಡ್ಡ ದೇವಸ್ಥಾನ ಇದೆ, ಅಲ್ಲಿ ದಿನಾ ಹೋಮ ನಡೆಯುತ್ತದೆ. ಹೌದು, ನಮ್ಮ ಹೋಮವೇ.

ಎರಡು ವರ್ಷದ ಹಿಂದೆ ನಮ್ಮ ಅಪ್ಪನನ್ನು ಕರೆದುಕೊಂಡು ಹೋಗುವಾಗ ನಮಗೂ ಇಷ್ಟೇ ಹೊತ್ತು ಇತ್ತು. ನರಿತಾಸಾನ್ ಶಿನ್‌ಶೋಜಿ ಅಂತ ಆ ದೇವಸ್ಥಾನದ ಹೆಸರು, 940ರಲ್ಲಿ ಸ್ಥಾಪನೆಯಾದದ್ದು, ಶಿಂಗೋನ್ ಪಂಥದ ಬೌದ್ಧ ದೇವಾಲಯ. ಅಲ್ಲಿನ ಮುಖ್ಯ ದೇವರು ಫುಡೋ ಮ್ಯೋಓ. ಸಂಸ್ಕೃತದಲ್ಲಿ ಅಚಲ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಪಾಶ, ಹಿಂದೆ ಬೆಂಕಿಯ ಜ್ವಾಲೆ, ಕೆಂಡದಂಥ ಮುಖ. ಅಲ್ಲಿನ ಹೋಮಕ್ಕೆ ಜಪಾನೀಯರು ಗೊಮ ಅಂತಾರೆ. ನಮ್ಮ ಹೋಮ ಅನ್ನುವ ಪದವೇ ಚೀನಾ ದಾಟಿ ಅಲ್ಲಿಗೆ ಹೋಗಿ ಗೊಮ ಆಗಿದೆ.

ನಾವು ಒಳಗೆ ಹೋದಾಗ ಶುರುವಾಗಲು ಸ್ವಲ್ಪ ಹೊತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಚಾಪೆಯ ಮೇಲೆ ಕೂತೆವು. ದುಡ್ಡು ಗಿಡ್ಡು ಏನೂ ಇಲ್ಲ, ಯಾರು ಬೇಕಾದರೂ ಕೂರಬಹುದು. ದೊಡ್ಡ ನಗಾರಿ ಬಾರಿಸಿದರು ನೋಡಿ, ಎದೆಯೊಳಗೇ ಬಾರಿಸಿದ ಹಾಗಾಯಿತು. ಪುರೋಹಿತರು ಕುಂಡದಲ್ಲಿ ಕಟ್ಟಿಗೆಯನ್ನು ಒಂದೊಂದಾಗಿ ಜೋಡಿಸಿ ಬೆಂಕಿ ಹೊತ್ತಿಸಿದರು, ಉರಿ ಆಳೆತ್ತರಕ್ಕೆ ಎದ್ದಿತು. ಆಮೇಲೆ ಎಲ್ಲರೂ ಸೇರಿ ಮಂತ್ರ ಶುರು ಮಾಡಿದರು: "ನೋಮಕು ಸಮ್ಮಂದ ಬಜರದಾನ್ ಸೆಂಡ ಮಕರೋಶದ..." ಅಪ್ಪ ಮೂರು ಸಲ ಕೇಳಿದರು, ಕಣ್ಣು ಮುಚ್ಚಿಕೊಂಡು. ನಾಲ್ಕನೇ ಸಲಕ್ಕೆ ನನ್ನ ಕೈ ಹಿಡಿದು ಮೆಲ್ಲಗೆ "ನಮಃ ಸಮಂತ ವಜ್ರಾಣಾಂ, ಚಂಡ ಮಹಾರೋಷಣ" ಅಂದರು. ಅವರು ನಲವತ್ತು ವರ್ಷ ಸಂಸ್ಕೃತ ಮೇಷ್ಟರಾಗಿದ್ದವರು. ಜಪಾನೀ ನಾಲಿಗೆಯಲ್ಲಿ ವಜ್ರ ಅನ್ನೋದು ಬಜರ ಆಗಿದೆ, ಅಷ್ಟೇ. ನನ್ನ ಮೈಯೆಲ್ಲ ಜುಮ್ ಅಂದಿತು, ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ.

ಕೊನೆಗೆ ಜನ ತಮ್ಮ ಬ್ಯಾಗು, ಪರ್ಸು ಎಲ್ಲ ತೆಗೆದುಕೊಂಡು ಮುಂದೆ ಹೋದರು. ಪುರೋಹಿತರು ಒಂದೊಂದನ್ನೂ ಉರಿಗೆ ತೋರಿಸಿ ವಾಪಸ್ ಕೊಟ್ಟರು, ನಾವು ಮಂಗಳಾರತಿ ತಟ್ಟೆಗೆ ಕೈ ತೋರಿಸಿ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವಾ, ಹಾಗೆ. ಅಪ್ಪ ತಮ್ಮ ಮಾತ್ರೆಗಳ ಚೀಲ ಕೊಟ್ಟರು.

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಹೋಮ ದಿನಕ್ಕೆ ಹಲವು ಸಲ ನಡೆಯುತ್ತದೆ, ಆದರೆ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ, ಹಿಂದಿನ ದಿನ ದೇವಸ್ಥಾನದ ವೆಬ್‌ಸೈಟ್ ನೋಡಿಕೊಳ್ಳಿ. ಅದಕ್ಕೆ ಸರಿಯಾಗಿ ಉಳಿದದ್ದನ್ನೆಲ್ಲ ಹೊಂದಿಸಿ.

ಕುಕ್ಕರಹಳ್ಳಿ:

ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. "ವೀಸಾಕ್ಕೆ ಇವತ್ತೇ ಕೊಡು" ಅಂದರು! ರೈಲು ಹೇಗೆ, ನಡೆಯುವುದು ಎಷ್ಟು, ಮೆಟ್ಟಿಲು ಇದೆಯಾ?

ತುಂಗಾತೀರ:

ಸ್ಟೇಷನ್ ಟರ್ಮಿನಲ್ 2ರ ನೆಲಮಾಳಿಗೆಯಲ್ಲೇ ಇದೆ, ನೀವು ಇಳಿಯುವುದೂ ಅಲ್ಲೇ. ಕೇಸೇ ಅನ್ನೋ ಕಂಪನಿಯ ರೈಲು, ಕೇಸೇ-ನರಿತಾ ಅನ್ನೋ ಸ್ಟೇಷನ್‌ಗೆ ಟಿಕೆಟ್ ತೆಗೆಯಿರಿ. ನಾವು ಹೋದಾಗ ಒಬ್ಬರಿಗೆ 300 ಯೆನ್‌ಗೂ ಕಡಿಮೆ ಇತ್ತು. ಆದರೆ ಹುಷಾರು, ಒಂದೇ ಕಂಪನಿಯ ಎರಡು ಮಾರ್ಗಗಳಿವೆ. ಸ್ಕೈಲೈನರ್, ಆ್ಯಕ್ಸೆಸ್ ಎಕ್ಸ್‌ಪ್ರೆಸ್ ಎರಡೂ ಬೇರೆ ಹಳಿಯ ಮೇಲೆ ನೇರ ಟೋಕಿಯೊ ಕಡೆಗೆ ಹೋಗುತ್ತವೆ, ನರಿತಾ ಊರನ್ನು ಮುಟ್ಟುವುದೇ ಇಲ್ಲ. "ಕೇಸೇ ಮೇನ್ ಲೈನ್" ಅಂತ ಕೇಳಿ ಹತ್ತಿ. ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನಲ್ಲಿರುವ ಸಿಬ್ಬಂದಿಗೆ "ಕೇಸೇ-ನರಿತಾ?" ಅಂದರೆ ಸಾಕು, ಕೈ ಮಾಡಿ ತೋರಿಸುತ್ತಾರೆ.

ಸ್ಟೇಷನ್‌ನಿಂದ ದೇವಸ್ಥಾನದವರೆಗೆ ಒಮೊತೆಸಾಂಡೋ ಅಂತ ಹಳೆಯ ಅಂಗಡಿ ಬೀದಿ, ಸುಮಾರು 800 ಮೀಟರ್. ಎರಡೂ ಕಡೆ ಮರದ ಕಟ್ಟಡಗಳು. ಹೋಗುವಾಗ ಇಳಿಜಾರು, ಅಮ್ಮ ಆರಾಮಾಗಿ ನೋಡಿಕೊಂಡು ಹೋಗಬಹುದು. ವಾಪಸ್ ಬರುವಾಗ ಅದೇ ಏರು, ಆಗ ಟ್ಯಾಕ್ಸಿ ಮಾಡಿ, ಕಂಜೂಸಿ ಮಾಡಬೇಡಿ. ಹೆಬ್ಬಾಗಿಲು ದಾಟಿದ ಮೇಲೆ ಕಲ್ಲಿನ ಮೆಟ್ಟಿಲುಗಳಿವೆ, ಸ್ವಲ್ಪ ಕಡಿದಾಗಿವೆ. ನಡುವೆ ಕೊಳದ ಹತ್ತಿರ ನಿಂತು ಆಮೆಗಳನ್ನು ನೋಡಿ, ಸುಧಾರಿಸಿಕೊಂಡು ಹತ್ತಿ. ಮೇಲೆ ಎಡಬಲಕ್ಕೆ ಇನ್ನೂ ಕಟ್ಟಡಗಳಿವೆ. 1712ರ ಮೂರಂತಸ್ತಿನ ಪಗೋಡಾ ಒಂದನ್ನು ಮಾತ್ರ ಬಿಡಬೇಡಿ, ಅದರ ಮಾಡಿನ ಅಡಿಯ ಬಣ್ಣದ ಕೆತ್ತನೆಯನ್ನು ಕತ್ತೆತ್ತಿ ನೋಡಬೇಕು. ಹಿಂದೆ ದೊಡ್ಡ ಉದ್ಯಾನ ಇದೆ, ಮಂಡಿ ನೋಯುತ್ತಿದ್ದರೆ ಅದು ಬೇಡ.

ಏರ್‌ಪೋರ್ಟ್‌ನಲ್ಲಿ ಅಮ್ಮನಿಗೆ ವೀಲ್‌ಚೇರ್ ಕೇಳಿ, ಟಿಕೆಟ್ ಜೊತೆಗೇ ಬುಕ್ ಮಾಡಿ. ಇಮಿಗ್ರೇಷನ್ ಕ್ಯೂನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ. ವಿಸಿಟ್ ಜಪಾನ್ ವೆಬ್ ಅನ್ನೋ ಜಪಾನ್ ಸರ್ಕಾರದ ವೆಬ್‌ಸೈಟ್‌ನಲ್ಲಿ ಮೊದಲೇ ವಿವರ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಂಡರೆ ಅಲ್ಲಿ ಫಾರಂ ಬರೆಯುವ ಕೆಲಸವೂ ಇಲ್ಲ. ನೀವು ಹತ್ತೂವರೆಗೆ ಊರಲ್ಲಿದ್ದು, ಎರಡೂವರೆಗೆ ಮತ್ತೆ ರೈಲು ಹತ್ತಿದರೆ ಸಾಕಷ್ಟು ಸಮಯ ಇರುತ್ತದೆ.

ಮಲೆನಾಡಿನವಳು:

ಊಟದ ಬಗ್ಗೆ ನಾನು ಹೇಳ್ತೀನಿ, ಶುದ್ಧ ಸಸ್ಯಾಹಾರಿಗಳಿಗೆ ಅಲ್ಲಿ ನಿಜವಾಗಲೂ ಕಷ್ಟ ಇದೆ. ನೋಡಲು ತರಕಾರಿ, ತೋಫು, ನೂಡಲ್ಸ್ ಅಂತ ಕಂಡರೂ ಸಾರು ದಾಶಿಯದು, ಅಂದರೆ ಒಣಮೀನು ಕುದಿಸಿದ ನೀರು. ಹಾಗಾಗಿ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಬಾಳೆಹಣ್ಣು, ಹೂವು, ಕರಿಬೇವು ಮಾತ್ರ ಬೇಡ. ಹಸಿ ಹಣ್ಣು ತರಕಾರಿ ಸೊಪ್ಪು ಜಪಾನ್ ಒಳಗೆ ಒಯ್ಯಲು ಬಿಡುವುದಿಲ್ಲ. ಅಮ್ಮಂದಿರ ಕೈಚೀಲದಲ್ಲಿ ಇವು ಇದ್ದೇ ಇರುತ್ತವೆ, ವಿಮಾನ ಇಳಿಯುವ ಮೊದಲು ಒಮ್ಮೆ ನೋಡಿಬಿಡಿ.

ಆ ಬೀದಿಯ ತುಂಬ ಹಾವುಮೀನಿನ ಹೋಟೆಲುಗಳು, ನರಿತಾ ಅದಕ್ಕೇ ಹೆಸರುವಾಸಿ. ಕೆಲವು ಕಡೆ ಅಂಗಡಿ ಮುಂದೆಯೇ ಮಣೆಯ ಮೇಲೆ ಜೀವಂತ ಮೀನು ಸೀಳುತ್ತಾರೆ. ನಮ್ಮ ಅತ್ತೆಗೆ ಅದನ್ನು ನೋಡಿ ಹೊಟ್ಟೆ ತೊಳಸಿತು. ನಿಮ್ಮ ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.

ಆದರೆ ಅವರು ತಿನ್ನಬಹುದಾದದ್ದೂ ಅದೇ ಬೀದಿಯಲ್ಲಿದೆ. ಯೋಕಾನ್ ಅಂತ ಸಿಹಿ ಸಿಗುತ್ತದೆ, ಕೆಂಪು ಅಡ್ಜುಕಿ ಕಾಳು ಬೇಯಿಸಿ ಅರೆದು, ಸಕ್ಕರೆ ಮತ್ತು ಅಗರ್ (ಚೈನಾಗ್ರಾಸ್) ಹಾಕಿ ಗಟ್ಟಿಮಾಡಿದ್ದು. ಒಂದು ತುಂಡು ಬಾಯಿಗಿಟ್ಟು ಅತ್ತೆ "ಇದು ಹೋಳಿಗೆ ಹೂರಣ ಕಣೇ!" ಅಂದರು. ನಿಜ, ತಣ್ಣಗಾದ ಹೂರಣವನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೇ. ಚೆಸ್ಟ್‌ನಟ್ ಹಾಕಿದ್ದು ಅಲ್ಲಿನ ವಿಶೇಷ. ಇನ್ನೊಂದು ತೆಪ್ಪೋಜುಕೆ, ಸೌತೆಯಂಥ ಕಾಯಿಯ ತಿರುಳು ತೆಗೆದು, ಶಿಸೋ ಅನ್ನೋ ಘಮದ ಎಲೆ ಸುತ್ತಿದ ಮೆಣಸಿನಕಾಯಿ ತುಂಬಿ, ಸೋಯಾ ಸಾಸ್‌ನಲ್ಲಿ ನೆನೆಸಿದ ಉಪ್ಪಿನಕಾಯಿ. ಕೊಳ್ಳುವ ಮೊದಲು ಪ್ಯಾಕೆಟ್ ಮೇಲಿನ ಬರಹವನ್ನು ಮೊಬೈಲ್ ಕ್ಯಾಮೆರಾದಲ್ಲಿ ಅನುವಾದಿಸಿ ನೋಡಿ. ಮತ್ತೆ ಕಡಲೆಕಾಯಿ! ಜಪಾನಿನಲ್ಲಿ ಅತಿ ಜಾಸ್ತಿ ಕಡಲೆಕಾಯಿ ಬೆಳೆಯುವುದು ಇದೇ ಚಿಬಾ ಪ್ರಾಂತ್ಯದಲ್ಲಿ. ಸಿಪ್ಪೆ ಸಮೇತ ಹುರಿದದ್ದು ಸಿಗುತ್ತದೆ.

ಸಾಗರದಾಚೆ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ವಯಸ್ಸಾದವರು ಜೊತೆಗಿಲ್ಲದಿದ್ದರೆ ಹತ್ತು ಗಂಟೆಯಲ್ಲಿ ಟೋಕಿಯೊ ಆಗುತ್ತದೆ. ಸ್ಕೈಲೈನರ್ ಹತ್ತಿದರೆ ಟೋಕಿಯೊದ ಉಎನೊಗೆ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿ ಶಿನೊಬಾಜು ಕೊಳದ ನಡುವೆ ಬೆಂತೆನ್ ಗುಡಿ ಇದೆ, ಬೆಂತೆನ್ ಅಂದರೆ ನಮ್ಮ ಸರಸ್ವತಿ, ವೀಣೆಯ ಬದಲು ಬೀವಾ ಅನ್ನೋ ಜಪಾನೀ ತಂತಿವಾದ್ಯ ಹಿಡಿದವಳು. ಬೇಸಿಗೆಯಲ್ಲಿ ಕೊಳದ ತುಂಬ ತಾವರೆ. ಪಕ್ಕದ ಒಕಾಚಿಮಾಚಿಯಲ್ಲಿ ಒಡವೆ ವ್ಯಾಪಾರದ ಜೈನರು ಇರುವುದರಿಂದ ಸಸ್ಯಾಹಾರಿ ಊಟವೂ ಸಿಗುತ್ತದೆ.

ಹನೆಡಾದಲ್ಲಿ ಇಳಿಯುವವರಿಗೆ ಟೋಕಿಯೊದ ಅಸಾಕುಸಾ ಬಡಾವಣೆ ಇನ್ನೂ ಸುಲಭ. ಎಲ್ಲರೂ ಅಲ್ಲಿನ ದೊಡ್ಡ ದೇವಸ್ಥಾನ ಸೆನ್ಸೋಜಿ ನೋಡಿ ವಾಪಸ್ ಬರುತ್ತಾರೆ. ಅಲ್ಲಿಂದ ಸ್ವಲ್ಪವೇ ನಡೆದರೆ ಮತ್ಸುಚಿಯಾಮಾ ಶೋದೆನ್ ಅಂತ ದಿಬ್ಬದ ಮೇಲೆ ಪುಟ್ಟ ಗುಡಿ ಸಿಗುತ್ತದೆ. ಅಲ್ಲಿನ ದೇವರು ಕಾಂಗಿತೆನ್, ನಮ್ಮ ಗಣಪತಿಯ ಜಪಾನೀ ರೂಪ. ಮೂರ್ತಿ ಯಾರಿಗೂ ತೋರಿಸುವುದಿಲ್ಲ. ನೈವೇದ್ಯ ಏನು ಗೊತ್ತಾ, ಬಿಳಿ ಮೂಲಂಗಿ! ಜನ ಇಡೀ ಮೂಲಂಗಿಯನ್ನೇ ತಂದು ದೇವರ ಮುಂದೆ ಇಡುತ್ತಾರೆ, ಗುಡಿಯ ಗೋಡೆ ಕಂಬಗಳಲ್ಲೂ ಮೂಲಂಗಿಯ ಕೆತ್ತನೆ.

ಆದರೆ ನಿಮ್ಮ ವಿಷಯದಲ್ಲಿ ತುಂಗಾತೀರ ಅವರು ಹೇಳಿದ್ದೇ ಸರಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನೀವು ಅಲ್ಲಿ ಎಂಟಕ್ಕೆ ಇಳಿದಾಗ ಅಮ್ಮನ ದೇಹಕ್ಕೆ ಬೆಳಗಿನ ಜಾವ ನಾಲ್ಕೂವರೆ, ರಾತ್ರಿ ನಿದ್ದೆಯೂ ಆಗಿರುವುದಿಲ್ಲ. ಹತ್ತಿರದಲ್ಲಿ ಒಂದೇ ಜಾಗ ನೋಡಿ ಬರುವುದು ಒಳ್ಳೆಯದು. ವೀಸಾ ಆಗದಿದ್ದರೂ ಬೇಸರ ಬೇಡ. ಒಳಗೇ ದುಡ್ಡು ಕೊಟ್ಟು ಬಳಸುವ ಶವರ್ ಕೋಣೆಗಳಿವೆ. ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಎರಡು ಗಂಟೆ ಮಲಗಿಸಿದರೆ ಮುಂದಿನ ವಿಮಾನಕ್ಕೆ ಹುಷಾರಾಗಿರುತ್ತಾರೆ.

ಕುಕ್ಕರಹಳ್ಳಿ:

ನಿನ್ನೆ ಇಬ್ಬರ ಅರ್ಜಿಯೂ ಕೊಟ್ಟೆ. ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ವೀಲ್‌ಚೇರ್ ಬುಕ್ ಆಗಿದೆ. ಅಮ್ಮನದು ಒಂದೇ ಪ್ರಶ್ನೆ ಉಳಿದಿದೆ, ಹೋಮಕ್ಕೆ ಸ್ವಲ್ಪ ತುಪ್ಪ ಒಯ್ಯಬಹುದಾ ಅಂತ.

ತುಂಗಾತೀರ:

ತುಪ್ಪ ಬೇಡ. ಅದರ ಬದಲು ಅಲ್ಲಿ ಗೊಮಾಗಿ ಅಂತ ಚಿಕ್ಕ ಕಟ್ಟಿಗೆ ಪಟ್ಟಿ ಸಿಗುತ್ತದೆ, ಸ್ವಲ್ಪ ಕಾಣಿಕೆ ಕೊಟ್ಟು ತೆಗೆದುಕೊಳ್ಳಬೇಕು. ಅದರ ಮೇಲೆ ಹೆಸರು, ಬೇಡಿಕೆ ಬರೆದು ಕೊಟ್ಟರೆ ಹೋಮದಲ್ಲಿ ಹಾಕುತ್ತಾರೆ. ಅಪ್ಪ ಕನ್ನಡದಲ್ಲೇ ಬರೆದಿದ್ದರು, ದೇವಸ್ಥಾನದವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಮ್ಮನ ಕೈಯಲ್ಲಿ ನಿಮ್ಮ ತಂಗಿಯ ಹೆಸರು ಬರೆಸಿ.