ಸಹಾಯ ಬೇಕು: ಎತ್ತು ಕಟ್ಟಿ ಉಳುವ ಗದ್ದೆ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿದ್ದು ತೈಲವರ್ಣದ ಚಿತ್ರ ಬರೆಯುತ್ತೇನೆ. ಈ ಮಳೆಗಾಲ ನಮ್ಮ ಕೊಡಗಿನ ಗದ್ದೆ ಉಳುಮೆಯನ್ನು ಇದ್ದದ್ದು ಇದ್ದ ಹಾಗೆ, ದೊಡ್ಡದಾಗಿ ಬರೆಯಬೇಕೆಂಬ ಆಸೆ. ಈಗ ಜಾಸ್ತಿ ಕಡೆ ಟಿಲ್ಲರ್, ಅಲ್ವಾ? ನಾಪೋಕ್ಲು, ಭಾಗಮಂಡಲ, ಪೊನ್ನಂಪೇಟೆ ಕಡೆ ಯಾರಾದರೂ ಇನ್ನೂ ಎತ್ತು ಕಟ್ಟಿ ಉಳುತ್ತಿದ್ದರೆ ದಯವಿಟ್ಟು ತಿಳಿಸಿ.

ಫೋಟೊ ನೋಡಿ ಬರೆಯಬಹುದು, ನಿಜ. ಆದರೆ ಫ್ರಾನ್ಸಿನ ರೋಸಾ ಬೊನರ್ 1849ರಲ್ಲಿ ಬರೆದ ಉಳುಮೆಯ ಚಿತ್ರ ನೋಡಿ. ಎತ್ತುಗಳು ಎಳೆಯುವ ಭಾರ, ನೇಗಿಲು ಮಗುಚಿದ ಹಸಿ ಮಣ್ಣಿನ ಹೆಂಟೆ, ಎಲ್ಲವೂ ಕೈಗೆ ಸಿಗುವಂತಿದೆ. ಆಕೆ ಪ್ರಾಣಿಗಳನ್ನು ಎದುರಿಗೇ ನೋಡಿ ಕಲಿತವರು. ನಮ್ಮ ಗದ್ದೆಯಲ್ಲಿ ಹೆಂಟೆ ಅಲ್ಲ, ಕೆಸರು. ಎತ್ತಿನ ಮೊಣಕಾಲಿನವರೆಗೆ ಮೆತ್ತಿದ ಆ ಕೆಸರಿನ ಮೇಲೆ ಮಳೆ ಬಿದ್ದರೆ ಯಾವ ಬಣ್ಣ ಬರುತ್ತದೆ ಅನ್ನುವುದನ್ನು ಬದುವಿನ ಮೇಲೆ ನಿಂತೇ ನೋಡಬೇಕು.

ಇನ್ನೊಂದು ವಿಷಯ. ಈ ಥಂಡಿಗೆ ಎಣ್ಣೆ ಬಣ್ಣ ಒಣಗುವುದು ತುಂಬಾ ನಿಧಾನ. ಕ್ಯಾನ್ವಾಸಿಗೆ ಬೂಷ್ಟು ಬೇರೆ. ಇಲ್ಲಿನ ಕಲಾವಿದರು ಮಳೆಗಾಲದಲ್ಲಿ ಏನು ಮಾಡುತ್ತೀರಿ?

ಉಳುವ ದಿನ ಸ್ವಲ್ಪ ಮುಂಚೆ ಗೊತ್ತಾದರೆ ಸಾಕು, ಬೆಳಗ್ಗೆಯೇ ಬಂದುಬಿಡುತ್ತೇನೆ. ಕೆಲಸಕ್ಕೆ ಅಡ್ಡ ಬರುವುದಿಲ್ಲ. ಮೆಸೇಜ್ ಮಾಡಿ.